ಕಂಡಕ್ಟರಮ್ಮನ ಏಳು ಕಿಲೋ

ಏಳು ಕಿಲೋ ಅಂದ್ರ ಏಳೇ ಕಿಲೋ,
ಮ್ಯಾಲೊಂದು ನಿಂಬಿಹಣ್ಣೂ ಬಿಡಂಗಿಲ್ಲಂತ
ವಿಮಾನದವರು.
ಛಲೋ ಆತು ಅಂದೆ.
ಇಪ್ಪತ್ತಾರು ವರ್ಷ ಶಹಾಪುರ ಡಿಪೋದಾಗ
ಮಂದಿ ಸಾಮಾನಿಗೆ ಲಗೇಜ್ ಟಿಕೆಟ್ ಹರದಾಕಿ ನಾನು.
ಮೆಣಸಿನಕಾಯಿ ಚೀಲ, ಹೊಲಿಗಿ ಮಷೀನು,
ಕಾಲು ಕಟ್ಟಿದ ಎರಡು ಹುಂಜ.
‘ಇವು ಸಾಮಾನಲ್ಲಕ್ಕಾ, ನಮ್ಮ ಮನಿ ಮಂದಿ’ ಅಂದವನಿಗೆ
ಹಂಗಾದ್ರ ಮಂದಿ ಲೆಕ್ಕದಾಗೇ ಕೊಡು ಅಂತ
ತಲಾ ಅರ್ಧ ಟಿಕೆಟ್ ಕೈಗಿಟ್ಟಾಕಿ.
ಈಗ ನನ್ನ ಪಾಳಿ.

ಚೀಟಿ ಎತ್ತಿದ ರೊಕ್ಕದಾಗ
ನಾನು, ಹನೀಫಾಬಿ, ಪೋಸ್ಟಾಫೀಸಿನ ಗಂಗೂಬಾಯಿ,
ಥೈಲ್ಯಾಂಡಿಗೆ ಐದು ದಿನ.

ಸೀರಿ ಒಂದೂ ಬ್ಯಾಡ.
ಮೂರು ಚೂಡಿದಾರ, ಒಂದರ ಮ್ಯಾಲೊಂದು ಹಾಕಿದ್ರೂ
ಬಣ್ಣ ಜಗಳಾಡಬಾರದು.
ಮಡಚಬಾರದು, ಸುತ್ತಬೇಕು,
ಬಿಸಿ ರೊಟ್ಟ್ಯಾಗ ಪಲ್ಯ ಇಟ್ಟು ಸುತ್ತಿದಂಗ, ಬಿಗಿ.
ಬೂಟಿನ ಹೊಟ್ಟ್ಯಾಗ ಕಾಲುಚೀಲ,
ಕಾಲುಚೀಲದ ಹೊಟ್ಟ್ಯಾಗ ಬಿಪಿ ಗುಳಿಗಿ.
ಭಾರದ್ದೆಲ್ಲ ಮೈಮ್ಯಾಲೆ ಹಾಕ್ಕೊಂಡೇ ಹೋಗೋದು,
ಮೈ ಯಾರೂ ತೂಗಂಗಿಲ್ಲಲ್ಲ!
ಶೇಂಗಾ ಹಿಂಡಿ ಕಾಲು ಕಿಲೋ. ಅದರ ಮಾತೇ ಎತ್ತಬ್ಯಾಡ್ರಿ.
ಖಡಕ್ ರೊಟ್ಟಿ ಹಗುರ, ಖರೆ,
ಆದ್ರ ಜಾಗ ತಿಂತಾವ.
ಲಟಲಟ ಮುರದು ಸಂದಿಗೊಂದಿಗೆ ತುರುಕಿದೆ.
ನುಂಗೋದು ಹೆಂಗೂ ಮುರದೇ.

ಮನ್ಯಾಗ ತಕ್ಕಡಿ ಇಲ್ಲ.
ಬಸ್‌ಸ್ಟ್ಯಾಂಡಿನ ಹಿಂದ ಗುಜರಿ ಇಮಾಮ್‌ಸಾಬನ
ಕೊಂಡಿಗೆ ಚೀಲ ಸಿಕ್ಕಿಸಿದ್ರ
ಒಂಬತ್ತು ಕಿಲೋ ಮುನ್ನೂರು.
‘ಯಾವ ರೇಟಿಗೆ ಹಾಕ್ಕೊಳ್ಳಲಿ, ಕಂಡಕ್ಟರಮ್ಮಾ?’
ತಗಡಿನ ರಾಶಿ ಮುಂದ ಕುಂತು ಒಂದೊಂದೇ ತಗದೆ.
ಛತ್ರಿ. ಎರಡನೇ ಟವೆಲ್. ಇಸ್ತ್ರಿಪೆಟ್ಟಿಗಿ
(ಯಾಕ ಇಟ್ಟಿದ್ದೆ, ದೇವರಿಗೇ ಗೊತ್ತು).
ಕಡೀಕ, ತಳದಾಗ ಅರಿವ್ಯಾಗ ಸುತ್ತಿದ್ದ
ಟಿಕೆಟಿಗೆ ತೂತು ಹಾಕೋ ಇಕ್ಕಳ.
ಇದು ಯಾಕ ಅಂತ ಅವನು ಕೇಳಲಿಲ್ಲ.
ಬರೀ ಗಾಳಿಗೆ ಒಂದ್ಸಲ ಒತ್ತಿದೆ.
ಕಟಕ್.

ಹಗುರ ಹೋಗೋದು ಛಲೋ ಅಂತಾರ ಎಲ್ಲಾರೂ.
ನಾ ಕಂಡವರೊಳಗ ಭಾಳ ಹಗುರ ಹೋದಾಕಿ
ಭೀಮರಾಯನಗುಡಿ ಕ್ರಾಸಿಗೆ ಹತ್ತಿದ್ಲು,
ರಾತ್ರಿ ಹನ್ನೊಂದರ ಗಾಡಿ.
ಕಂಕುಳಾಗ ಕೂಸು,
ಮುಷ್ಟ್ಯಾಗ ಒಂದು ಬಾಚಣಿಕಿ. ಅಷ್ಟೇ.
‘ಎಲ್ಲಿಗವ್ವಾ?’ ಅಂದ್ರ
‘ಈ ಗಾಡಿ ಎಲ್ಲಿಗೆ ಹೊಂಟದ?’ ಅಂದ್ಲು.
ಹೈದರಾಬಾದಿನ ತನಕ ಹರದೆ.
ರೊಕ್ಕ ನಾ ಕೇಳಲಿಲ್ಲ, ಆಕಿ ಕೊಡಲೂ ಇಲ್ಲ.
ನಸುಕಿನ್ಯಾಗ ಇಳಿಯೋ ಮುಂದ,
ಕೂಸಿನ್ನ ನನ್ನ ತೊಡಿಮ್ಯಾಲಿಟ್ಟು
ಕಿಟಕಿ ಗ್ಲಾಸಿನ್ಯಾಗ ಮುಖ ನೋಡಿ
ನಿಧಾನಕ ತಲಿ ಬಾಚ್ಕೊಂಡ್ಲು, ಬೈತಲಿ ನೆಟ್ಟಗ.
ಆಮ್ಯಾಲೆ ಇಳದು ಹೋದ್ಲು,
ಊರಿಗೆ ಹಬ್ಬಕ್ಕ ಬಂದಾಕಿಯಂಗ.

ನಿನ್ನೆ ಸಂಜೀಕ ಮಾಳಗಿ ಮ್ಯಾಲೆ ಹನೀಫಾಬಿ ಹಟ:
ದಿಂಬಿಲ್ದ ನನಗ ನಿದ್ದಿ ಬರಂಗಿಲ್ಲ,
ದಿಂಬು ತರಾಕಿನೇ ನಾನು.
ಗುಡ್ಡದ ಕಡಿಗೆ ಕೈ ಮಾಡಿ ತೋರಿಸಿದೆ.
ಎಷ್ಟು ಕಾಲದಿಂದ ಮಲಗ್ಯಾನ ನಮ್ಮ ಶಹಾಪುರದ ಬುದ್ಧ,
ಮುಗಿಲಿಗೆ ಮುಖ ಮಾಡಿ, ಬಿಸಿಲೇನು, ಗಾಳಿಯೇನು,
ತಲೀ ಕೆಳಗ ಒಂದು ಚಿಂದಿ ಅರಿವಿನೂ ಇಲ್ಲ.
ಹೊರಳ್ಯಾನೇನು ಒಂದ್ಸಲರೆ?
ಆಕಿ ಮೊಬೈಲ್ ತಗದ್ಲು,
ನಾವು ನೋಡ್ಲಿಕ್ಕ ಹೊಂಟ ಬಂಗಾರದ ಬುದ್ಧನ್ನ
ಬೆರಳಿನ್ಯಾಗ ದೊಡ್ಡದು ಮಾಡಿ ಹಿಡದ್ಲು:
‘ನೋಡು, ಇಂವಗ ಎರಡು ದಿಂಬು!’
ಗಂಗೂಬಾಯಿ ನಕ್ಕು ನಕ್ಕು ಚಹಾ ಚೆಲ್ಲಿದ್ಲು.

ಈಗ ಆರು ಕಿಲೋ ಎಂಟುನೂರು.
ಇನ್ನೂರು ಗ್ರಾಂ ಖಾಲಿ ಅದ.
ಇಕ್ಕಳ ಹಿಡೀತದ, ಇಟ್ಟರ.
ದೀಪ ಆರಿಸಿ ಮಲಗಿದಾಕಿ ಮತ್ತ ಎದ್ದೆ.
ಚೀಲದ ಜಿಪ್ಪು ಎಳದು
ಕತ್ತಲದಾಗೇ ಕೈಯಾಡಿಸಿ ನೋಡಿದೆ,
ಬಾಚಣಿಕಿ ಇಟ್ಟೀನೋ ಇಲ್ಲೋ ಅಂತ.